777 ಕೊಟ್ಟರೆ ಮಾತ್ರ ಫೋಟೊ ಅಪ್‌ಲೋಡ್ ಆಗುತ್ತಿದೆ, ಹೀಗೇ ಬಿಟ್ಟರೆ ತೊಂದರೆಯಾ?

ಮಂಡಿಹುಡುಗ, ಕೋಲಾರ

ಎಲ್ಲರಿಗೂ ನಮಸ್ಕಾರ. ನಾನು ಕಂಪ್ಯೂಟರ್ ಓದಿದವನಲ್ಲ. ಬಿಕಾಂ ಮುಗಿಸಿ ಮಾವನ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸ್ 2000 ರೂಪಾಯಿ ದಾಟಿತ್ತಲ್ಲ, ಆಗ ಬೆಳಗ್ಗೆ ಬೆಳಗ್ಗೆ ರೈತರ ಫೋನ್ ನಿಲ್ಲುತ್ತಲೇ ಇರಲಿಲ್ಲ, ಇವತ್ತು ರೇಟು ಎಷ್ಟು ಹೋಯಿತು ಅಂತ. ಪ್ರತಿಯೊಬ್ಬರಿಗೂ ಹೇಳಿ ಹೇಳಿ ಸಾಕಾಗಿ, ವಿಡಿಯೊ ನೋಡಿ ಕಲಿತು ಒಂದು ಸಣ್ಣ ವೆಬ್‌ಸೈಟ್ ಮಾಡಿದೆ. ಮುಖ್ಯ ಪುಟಗಳು ವರ್ಡ್‌ಪ್ರೆಸ್. ಹರಾಜು ಮುಗಿದ ಮೇಲೆ ಆ ದಿನದ ರೇಟು ಚೀಟಿಯ ಫೋಟೊ ಹಾಕಲು ಬೇರೆ ಒಂದು ಪುಟ ಇದೆ, ಅದು ನಾನೇ ಬರೆದ ಪಿಎಚ್‌ಪಿ. ಮೊಬೈಲಿನಿಂದ ಫೋಟೊ ಹಾಕಿದರೆ "ರೇಟು" ಅನ್ನೋ ಫೋಲ್ಡರಿಗೆ ಹೋಗಿ ಕೂರುತ್ತದೆ. ರೈತರು ಅದನ್ನು ನೋಡುತ್ತಾರೆ. ಅಷ್ಟೇ ಕೆಲಸ.

ಹೋದ ತಿಂಗಳು ಹೋಸ್ಟಿಂಗ್ ಬದಲಾಯಿಸಿದೆವು. ಹಳೆಯ ಕಡೆಯಿಂದ ಸೈಟನ್ನು ಅವರೇ ತಂದು ಹಾಕಿಕೊಟ್ಟರು. ಎಲ್ಲಾ ತೆರೆಯುತ್ತಿತ್ತು, ಆದರೆ ಫೋಟೊ ಹಾಕಿದರೆ ಮಾತ್ರ "ಪರ್ಮಿಷನ್ ಡಿನೈಡ್" ಅಂತ ಬರುತ್ತಿತ್ತು. ಸರ್ವರಿಗೆ ಫೈಲ್ ಕಳಿಸುವ ಫೈಲ್‌ಝಿಲ್ಲಾ ಅನ್ನೋ ತಂತ್ರಾಂಶದಲ್ಲಿ ಆ ಫೋಲ್ಡರಿನ ಪರ್ಮಿಷನ್ ಬದಲಾಯಿಸೋಣ ಅಂತ ನೋಡಿದೆ, ಅದಕ್ಕೂ ಒಪ್ಪಲಿಲ್ಲ, 550 ಅಂತ ಏನೋ ಎರರ್. ಸಪೋರ್ಟಿಗೆ ಫೋನ್ ಮಾಡಿದೆ. ಅಲ್ಲಿನ ಹುಡುಗ "ಒಂದು ನಿಮಿಷ ಸರ್" ಅಂದು ಫೋಲ್ಡರಿನ ಪರ್ಮಿಷನ್ ನಂಬರನ್ನು 777 ಮಾಡಿಕೊಟ್ಟ. ಆಮೇಲಿಂದ ಫೋಟೊ ಸರಾಗವಾಗಿ ಹೋಗುತ್ತಿದೆ.

ನಿನ್ನೆ ಗೆಳೆಯನೊಬ್ಬ ನೋಡಿ, 777 ಅಂದರೆ ಬಾಗಿಲು ತೆಗೆದಿಟ್ಟು ಮಲಗಿದ ಹಾಗೆ ಅಂದ. ನಾನು ಅದನ್ನು ತೆಗೆದು 755 ಮಾಡಿಸಿದರೆ ಮತ್ತೆ ಅಪ್‌ಲೋಡ್ ನಿಂತುಹೋಗುತ್ತದಾ? ಸೀಸನ್ ಜೋರಾಗಿದೆ, ಒಂದು ದಿನ ಚೀಟಿ ಹಾಕದಿದ್ದರೂ ಮಾವನಿಗೆ ನೂರು ಫೋನ್ ಬರುತ್ತವೆ. ಸರಿಯಾದ ನಂಬರ್ ಯಾವುದು ಅಂತ ಯಾರಾದರೂ ಹೇಳಿ.


ಕಲ್ಪತರುನಾಡು, ತುಮಕೂರು

ಹೀಗೇ ಬಿಡಬೇಡಿ. ಆದರೆ "ಸರಿಯಾದ ನಂಬರ್ ಯಾವುದು" ಅನ್ನೋ ಪ್ರಶ್ನೆಗೆ ಈಗಲೇ ಉತ್ತರ ಹೇಳಿದರೆ ನಿಮ್ಮ ಅಪ್‌ಲೋಡ್ ನಿಜವಾಗಿಯೂ ನಿಂತುಹೋಗುತ್ತದೆ. ಅದಕ್ಕಿಂತ ಮೊದಲು ತಿಳಿಯಬೇಕಾದ್ದು ಎರಡು. ಆ ಫೋಲ್ಡರ್ ಯಾರ ಹೆಸರಿನಲ್ಲಿದೆ? ನಿಮ್ಮ ಪಿಎಚ್‌ಪಿ ಯಾರ ಹೆಸರಿನಲ್ಲಿ ಓಡುತ್ತಿದೆ? ಇವೆರಡೂ ಒಂದೇ ಹೆಸರಾದರೆ 755 ಸಾಕು, 777ರ ಮಾತೇ ಬರುವುದಿಲ್ಲ. ನಾನು ಸುಮಾರು ವರ್ಷದಿಂದ ಸಣ್ಣ ಅಂಗಡಿ, ಶಾಲೆ, ಸೊಸೈಟಿಗಳ ಸೈಟ್ ನೋಡಿಕೊಳ್ಳುತ್ತಿದ್ದೇನೆ. 777 ಹಾಕಿದ ಕಡೆಯೆಲ್ಲ ಬಗೆದು ನೋಡಿದರೆ ಸಿಗುವುದು ಹೆಸರಿನ ತಕರಾರು, ನಂಬರಿನದ್ದಲ್ಲ.

ನಂಬರ್ ಅಂದರೆ ಏನು ಅಂತ ಚಿಕ್ಕದಾಗಿ ಹೇಳಿಬಿಡುತ್ತೇನೆ. ಮೊದಲನೇ ಅಂಕಿ ಓನರ್‌ಗೆ, ಎರಡನೆಯದು ಗುಂಪಿಗೆ, ಮೂರನೆಯದು ಉಳಿದ ಎಲ್ಲರಿಗೆ. ಓದಲು 4, ಬರೆಯಲು 2, ಓಡಿಸಲು 1. ಕೂಡಿಸಿಕೊಂಡು ಹೋಗಿ. 7 ಅಂದರೆ ಮೂರೂ ಉಂಟು. 5 ಅಂದರೆ ಬರೆಯುವುದು ಬಿಟ್ಟು ಉಳಿದೆರಡು. 6 ಅಂದರೆ ಓದು, ಬರಹ ಮಾತ್ರ.

ಫೋಲ್ಡರಿನ ವಿಷಯದಲ್ಲಿ ಈ ಮೂರಕ್ಕೂ ಅರ್ಥ ಸ್ವಲ್ಪ ಬೇರೆ, ಜಾಸ್ತಿ ಜನ ಎಡವುವುದು ಇಲ್ಲೇ. ನಿಮ್ಮ ಮಂಡಿಯನ್ನೇ ತೆಗೆದುಕೊಳ್ಳಿ. ಒಳಗೆ ಯಾರ ಯಾರ ಲಾಟ್ ಇದೆ ಅಂತ ಪಟ್ಟಿ ನೋಡಬಹುದು, ಅದು 4. ಬಾಗಿಲು ದಾಟಿ ಒಳಗೆ ಹೋಗಬಹುದು, ಅದು 1. ಹೊಸ ಬಾಕ್ಸ್ ಇಳಿಸಬಹುದು, ಇರುವ ಬಾಕ್ಸ್ ಹೊತ್ತುಕೊಂಡು ಹೋಗಬಹುದು, ಬಾಕ್ಸಿನ ಮೇಲಿನ ಹೆಸರು ಅಳಿಸಿ ಬೇರೆ ಹೆಸರು ಬರೆಯಬಹುದು, ಅದು 2. ಒಂದೊಂದು ಬಾಕ್ಸಿಗೂ ನೀವು ಬೀಗ ಹಾಕಿದ್ದರೂ, ಮಂಡಿಯೊಳಗೆ ಬಂದು ಎತ್ತುವ ಅಧಿಕಾರ ಇದ್ದವನು ಬೀಗದ ಸಮೇತ ಬಾಕ್ಸನ್ನೇ ಎತ್ತಿಕೊಂಡು ಹೋಗುತ್ತಾನೆ ಅಲ್ವಾ? ಸರ್ವರಿನಲ್ಲೂ ಹಾಗೇ. ಒಂದು ಫೈಲನ್ನು ಅಳಿಸಬಹುದಾ ಇಲ್ಲವಾ ಅನ್ನೋದು ಆ ಫೈಲಿನ ಪರ್ಮಿಷನ್ ಮೇಲೆ ನಿಂತಿಲ್ಲ, ಅದು ಇರುವ ಫೋಲ್ಡರಿನ ಪರ್ಮಿಷನ್ ಮೇಲೆ ನಿಂತಿದೆ.

ಇನ್ನು "ಉಳಿದ ಎಲ್ಲರು" ಅಂದರೆ ಯಾರು? ನಿಮ್ಮ ಸೈಟ್ ನೋಡಲು ಬರುವ ರೈತರಲ್ಲ. ಅದೇ ಸರ್ವರಿನಲ್ಲಿ ಖಾತೆ ಇರುವ ಬೇರೆ ಗಿರಾಕಿಗಳು, ಅವರ ಸೈಟಿನಲ್ಲಿ ಓಡುವ ಪ್ರೋಗ್ರಾಮ್‌ಗಳು. ಶೇರ್ಡ್ ಹೋಸ್ಟಿಂಗ್‌ನಲ್ಲಿ ಒಂದೇ ಯಂತ್ರದ ಮೇಲೆ ನೂರಾರು ಖಾತೆ ಇರುತ್ತವೆ. ಅದರಲ್ಲಿ ಯಾವುದೋ ಒಂದು ಸೈಟ್ ಹಳೇ ಪ್ಲಗಿನ್‌ನಿಂದ ಹ್ಯಾಕ್ ಆದರೆ, ಅಲ್ಲಿಂದ ಅಕ್ಕಪಕ್ಕ ಯಾವ ಫೋಲ್ಡರ್ ತೆರೆದಿದೆ ಅಂತ ಹುಡುಕಿಕೊಂಡು ಬರುತ್ತಾರೆ. ನಿಮ್ಮ ರೇಟು ಫೋಲ್ಡರ್ ಹಾಗೆ ತೆರೆದಿದೆ.

ನೀವು ಬರೆದಿರುವುದರಲ್ಲಿ ಒಂದು ಸುಳಿವು ಇದೆ. ಫೈಲ್‌ಝಿಲ್ಲಾದಲ್ಲಿ ಪರ್ಮಿಷನ್ ಬದಲಾಯಿಸಲು ಬಿಡಲಿಲ್ಲ ಅಂದಿರಿ. ಲಿನಕ್ಸ್‌ನಲ್ಲಿ ಪರ್ಮಿಷನ್ ಬದಲಾಯಿಸಲು ಆಗುವುದು ಓನರ್‌ಗೆ, ಇಲ್ಲವೇ ರೂಟ್‌ಗೆ, ಅಂದರೆ ಇಡೀ ಸರ್ವರಿನ ಮೇಲೆ ಅಧಿಕಾರ ಇರುವ ಮುಖ್ಯ ಖಾತೆಗೆ. ನಿಮಗೆ ಆಗಲಿಲ್ಲ ಅಂದರೆ ಆ ಫೋಲ್ಡರ್ ನಿಮ್ಮ ಹೆಸರಿನಲ್ಲಿ ಇಲ್ಲ. ಸೈಟ್ ತಂದು ಹಾಕುವಾಗ ಅವರು ರೂಟ್ ಆಗಿ ಕಾಪಿ ಮಾಡಿ, ಓನರ್ ಬದಲಾಯಿಸುವುದನ್ನು ಮರೆತಿರಬೇಕು ಅಂತ ನನಗನಿಸುತ್ತದೆ.

ಈಗ ಎರಡು ಕೆಲಸ ಮಾಡಿ. ಫೈಲ್‌ಝಿಲ್ಲಾದ ಬಲಗಡೆ ಕೊನೆಯ ಕಾಲಂ ಓನರ್ ಮತ್ತು ಗ್ರೂಪ್‌ದು, ಪಕ್ಕಕ್ಕೆ ಸರಿಸಿದರೆ ಕಾಣುತ್ತದೆ. ರೇಟು ಫೋಲ್ಡರಿನ ಎದುರು ಏನಿದೆ, ಬೇರೆ ಫೋಲ್ಡರಿನ ಎದುರು ಏನಿದೆ ಬರೆಯಿರಿ. ಆಮೇಲೆ ಒಂದೇ ಸಾಲಿನ ಪಿಎಚ್‌ಪಿ ಫೈಲ್ ಮಾಡಿ, ಅದರಲ್ಲಿ ಪೋಸಿಕ್ಸ್ ಗೆಟ್ ಇಯುಐಡಿ ಅನ್ನೋ ಫಂಕ್ಷನ್ನಿನ ಉತ್ತರ ಪ್ರಿಂಟ್ ಮಾಡಿಸಿ. ಗೆಟ್ ಕರೆಂಟ್ ಯೂಸರ್ ಅಂತ ಇನ್ನೊಂದಿದೆ, ಅದನ್ನು ಬಳಸಬೇಡಿ. ಹೆಸರು ನೋಡಿದರೆ ಸರಿ ಅನಿಸುತ್ತದೆ, ಆದರೆ ಅದು ಹೇಳುವುದು ಫೈಲಿನ ಓನರ್ ಯಾರು ಅಂತ, ಓಡುತ್ತಿರುವುದು ಯಾರ ಹೆಸರಿನಲ್ಲಿ ಅಂತ ಅಲ್ಲ. ನೋಡಿದ ಮೇಲೆ ಆ ಫೈಲ್ ಅಳಿಸಿಬಿಡಿ.


ಮಂಡಿಹುಡುಗ, ಕೋಲಾರ

ಅಣ್ಣ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ನೀವು ಹೇಳಿದ ಹಾಗೆ ನೋಡಿದೆ. ಬೇರೆ ಎಲ್ಲದರ ಎದುರು 1017 1017 ಅಂತ ಇದೆ. ರೇಟು ಫೋಲ್ಡರಿನ ಎದುರು ಮಾತ್ರ 0 0. ಆ ಒಂದು ಸಾಲಿನ ಪಿಎಚ್‌ಪಿ ಕೂಡ 1017 ಅಂತಲೇ ತೋರಿಸಿತು.

ಆದರೆ ಈಗ ಬೇರೆ ಭಯ ಶುರುವಾಗಿದೆ. ಓನರ್ ಕಾಲಂ ನೋಡುತ್ತಾ ರೇಟು ಫೋಲ್ಡರಿನ ಒಳಗೂ ಹೋದೆ. ನನ್ನ ಫೋಟೊಗಳೆಲ್ಲ 1017. ಅವುಗಳ ಮಧ್ಯೆ "ಕ್ಯಾಶ್-ಓಲ್ಡ್" ಅಂತ ಒಂದು ಪಿಎಚ್‌ಪಿ ಫೈಲ್ ಇದೆ, ಅದರ ಎದುರು 1043. ಮೂರು ದಿನದ ಹಿಂದೆ ರಾತ್ರಿ 2:17ಕ್ಕೆ ಬಂದಿದೆ. ನಾವು ಆ ಹೊತ್ತಿಗೆ ಯಾರೂ ಎದ್ದೇ ಇರುವುದಿಲ್ಲ. ನೋಟ್‌ಪ್ಯಾಡಿನಲ್ಲಿ ತೆರೆದೆ, ಒಂದೇ ಉದ್ದ ಸಾಲು, ಅರ್ಥವಿಲ್ಲದ ಅಕ್ಷರಗಳು, ಮೊದಲಿಗೆ "ಇವ್ಯಾಲ್" ಮತ್ತೆ "ಬೇಸ್64" ಅಂತ ಇದೆ. ಕೈ ನಡುಗಿತು. ಅಳಿಸಿಬಿಡಲಾ? ಫೈಲ್ ನನ್ನದಲ್ಲವಲ್ಲ, ಅಳಿಸಲು ಬಿಡುತ್ತದಾ?


ಕಲ್ಪತರುನಾಡು, ತುಮಕೂರು

ಗಾಬರಿ ಬೇಡ. ನೋಡಿದ್ದು ಒಳ್ಳೆಯದಾಯಿತು. ಇವ್ಯಾಲ್, ಬೇಸ್64 ಜೊತೆಗೆ ಕಂಡರೆ ಬಚ್ಚಿಟ್ಟ ಕೋಡನ್ನು ಬಿಡಿಸಿ ಓಡಿಸುವ ಫೈಲ್ ಅಂತ ಅನುಮಾನಿಸಬೇಕು. ಸಾವಕಾಶವಾಗಿ ಒಂದೊಂದೇ ಮಾಡಿ.

ಮೊದಲು ಆ ಫೈಲನ್ನು ಬ್ರೌಸರಿನಲ್ಲಿ ಮಾತ್ರ ತೆರೆಯಬೇಡಿ. ಓನರ್ ಕಾಲಂ ಕಾಣುವ ಹಾಗೆ ಒಂದು ಸ್ಕ್ರೀನ್‌ಶಾಟ್ ತೆಗೆಯಿರಿ, ಹೋಸ್ಟಿಂಗ್‌ನವರಿಗೆ ತೋರಿಸಲು ಬೇಕು. ಫೈಲಿನ ಒಂದು ಪ್ರತಿಯನ್ನು ಜಿಪ್ ಮಾಡಿ ಇಟ್ಟುಕೊಳ್ಳಿ. ಆಮೇಲೆ ಅಳಿಸಿ. ಅಳಿಸಲು ಬಿಡುತ್ತದೆ. ಫೈಲ್ 1043ರದ್ದು, ಫೋಲ್ಡರ್ ರೂಟ್‌ನದ್ದು (ನೀವು ಕಂಡ 0 ಅಂದರೆ ರೂಟ್), ಎರಡೂ ನಿಮ್ಮದಲ್ಲ, ಆದರೂ ಅಳಿಸಬಹುದು. ಫೋಲ್ಡರ್ 777 ಇದೆಯಲ್ಲ, ಅದಕ್ಕೆ. ನೀವು ಅವನ ಫೈಲ್ ಅಳಿಸಬಹುದು ಅಂದರೆ ಅವನೂ ನಿಮ್ಮ ರೇಟು ಚೀಟಿಗಳನ್ನು ಅಳಿಸಿ, ಅದೇ ಹೆಸರಿನಲ್ಲಿ ಬೇರೆ ಚೀಟಿ ಇಡಬಹುದಿತ್ತು. ರೈತರು ಆ ಸುಳ್ಳು ರೇಟು ನೋಡಿ ಗಾಡಿ ಹತ್ತಿಸುತ್ತಿದ್ದರು.

1043 ಅಂದರೆ ಅದೇ ಸರ್ವರಿನ ಇನ್ನೊಂದು ಖಾತೆ. ಆ ಖಾತೆಯವರೇ ಬೇಕಂತ ಮಾಡಿದ್ದಾರೆ ಅಂದುಕೊಳ್ಳಬೇಡಿ, ಅವರ ಸೈಟೂ ಹ್ಯಾಕ್ ಆಗಿರಬಹುದು.

ಈಗ ಮುಖ್ಯವಾದದ್ದು ಕೇಳಿ. ಆ ಫೈಲ್ ಇದ್ದದ್ದು ನಿಮ್ಮ ಸೈಟಿನ ಒಳಗೆ. ನಿಮ್ಮ ಡೊಮೇನ್ ಹೆಸರಿನಿಂದ ಯಾರಾದರೂ ಅದನ್ನು ತೆರೆದರೆ, ನಿಮ್ಮ ಹೋಸ್ಟಿಂಗ್‌ನಲ್ಲಿ ಪಿಎಚ್‌ಪಿ 1017 ಹೆಸರಿನಲ್ಲಿ ಓಡುತ್ತದೆ ಅಂತ ಈಗ ನೀವೇ ಕಂಡುಕೊಂಡಿದ್ದೀರಿ. ಬರೆದವನು 1043, ಓಡುವುದು ನಿಮ್ಮ ಅಧಿಕಾರದಲ್ಲಿ. ಅಂದರೆ ವರ್ಡ್‌ಪ್ರೆಸ್‌ನ ಡಬ್ಲ್ಯೂಪಿ-ಕಾನ್ಫಿಗ್ ಫೈಲಿನಲ್ಲಿರುವ ಡೇಟಾಬೇಸ್ ಪಾಸ್‌ವರ್ಡನ್ನು ಅದು ಓದಿರಬಹುದು. ಆ ಫೈಲಿಗೆ 600 ಕೊಟ್ಟಿದ್ದರೂ ಓದಬಹುದಿತ್ತು, ಓದುತ್ತಿರುವುದು ನಿಮ್ಮ ಹೆಸರಿನಲ್ಲಿ ತಾನೇ. ಹಾಗಾಗಿ ಓದಿದ್ದಾರೆ ಅಂತಲೇ ಇಟ್ಟುಕೊಂಡು ಡೇಟಾಬೇಸ್ ಪಾಸ್‌ವರ್ಡ್, ವರ್ಡ್‌ಪ್ರೆಸ್ ಅಡ್ಮಿನ್ ಪಾಸ್‌ವರ್ಡ್, ಎಫ್‌ಟಿಪಿ ಮತ್ತು ಹೋಸ್ಟಿಂಗ್ ಪ್ಯಾನೆಲ್ ಪಾಸ್‌ವರ್ಡ್ ಎಲ್ಲಾ ಬದಲಾಯಿಸಿ. ಕಾನ್ಫಿಗ್ ಫೈಲಿನಲ್ಲಿ ಸಾಲ್ಟ್ ಅಂತ ಎಂಟು ಸಾಲು ಇರುತ್ತವೆ, ಅವನ್ನೂ ಹೊಸದಾಗಿ ಹಾಕಿ. ಆಗ ಯಾರು ಯಾರು ಲಾಗಿನ್ ಆಗಿ ಕೂತಿದ್ದಾರೋ ಎಲ್ಲರೂ ಹೊರಗೆ ಬೀಳುತ್ತಾರೆ.

ಹೋಸ್ಟಿಂಗ್‌ನವರಿಗೆ ಫೋನ್ ಮಾಡಬೇಡಿ, ಟಿಕೆಟ್ ಬರೆಯಿರಿ, ದಾಖಲೆ ಇರುತ್ತದೆ. ಸುಮ್ನೆ "ಪರ್ಮಿಷನ್ ಸರಿ ಮಾಡಿ" ಅಂದರೆ ಮತ್ತೆ 777ಕ್ಕೇ ಬಂದು ನಿಲ್ಲುತ್ತಾರೆ. ಹೀಗೆ ಕೇಳಿ: ರೇಟು ಫೋಲ್ಡರಿನ ಓನರ್ ರೂಟ್ ಆಗಿದೆ, ಅದನ್ನೂ ಅದರೊಳಗಿನ ಎಲ್ಲವನ್ನೂ ನನ್ನ ಖಾತೆಯ ಹೆಸರಿಗೆ ಬದಲಾಯಿಸಿ, ಫೋಲ್ಡರನ್ನು 755 ಮಾಡಿ. ಜೊತೆಗೆ 1043 ಖಾತೆಯಿಂದ ನನ್ನ ಫೋಲ್ಡರಿಗೆ ಬಂದ ಫೈಲಿನ ವಿವರ ಇದು, ಪರಿಶೀಲಿಸಿ. ಓನರ್ ಬದಲಾಯಿಸುವ ಕಮಾಂಡ್ ರೂಟ್ ಮಾತ್ರ ಓಡಿಸಬಹುದು, ನಿಮ್ಮಿಂದ ಆಗುವುದಿಲ್ಲ, ಅವರೇ ಮಾಡಬೇಕು.

ಅವರು ತಡ ಮಾಡಿದರೆ ಒಂದು ದಾರಿ ಇದೆ. ಹಳೆಯ ರೇಟು ಫೋಲ್ಡರಿನ ಹೆಸರು ಬದಲಾಯಿಸಿ, ಅದೇ ಹೆಸರಿನಲ್ಲಿ ನೀವೇ ಹೊಸ ಫೋಲ್ಡರ್ ಮಾಡಿ. ನೀವು ಮಾಡಿದ್ದಕ್ಕೆ ನೀವೇ ಓನರ್, ಅದು 755ರಲ್ಲೇ ಹುಟ್ಟುತ್ತದೆ. ಹಳೆಯದರಿಂದ ಫೋಟೊಗಳನ್ನು ಮಾತ್ರ ಇಳಿಸಿಕೊಂಡು ಹೊಸದಕ್ಕೆ ಹಾಕಿ. ಮೇಲಿನ ಫೋಲ್ಡರ್ ನಿಮ್ಮದೇ ಆಗಿರುವುದರಿಂದ ಹೆಸರು ಬದಲಾಯಿಸಲು ತಡೆಯುವುದಿಲ್ಲ. ನಾಳೆ ಬೆಳಗಿನ ಚೀಟಿಗೆ ಅಷ್ಟು ಸಾಕು. ಹಳೆಯದು ಇನ್ನೂ 777 ಆಗೇ ಇರುತ್ತದೆ, ಅದನ್ನು ಖಾಲಿ ಮಾಡಿ ತೆಗೆದುಬಿಡಿ.


ರೇಷ್ಮೆಗೂಡು, ಶಿಡ್ಲಘಟ್ಟ

ಮೇಲಿನವರು ಹೇಳಿದ್ದು ಸರಿಯಾಗಿದೆ. ಎರಡು ವಿಷಯ ಸೇರಿಸುತ್ತೇನೆ. ನಮ್ಮ ಯಜಮಾನರ ರೀಲಿಂಗ್ ಘಟಕದ ಸೈಟ್ ನೋಡಿಕೊಳ್ಳುವುದು ನಾನು, ಇವೆರಡರಲ್ಲೂ ಪೆಟ್ಟು ತಿಂದಿದ್ದೇನೆ.

ಒಂದು, ಈಗ ಹೆದರಿಕೆಯಲ್ಲಿ ಎಲ್ಲದಕ್ಕೂ ಒಂದೇ ನಂಬರ್ ಹಾಕಲು ಹೋಗಬೇಡಿ. ನಾನು ಒಮ್ಮೆ ಫೈಲ್‌ಗೆ 644 ಸುರಕ್ಷಿತ ಅಂತ ಎಲ್ಲೋ ಓದಿ, ಇಡೀ ಸೈಟ್ ಆಯ್ಕೆ ಮಾಡಿ 644 ಒತ್ತಿದೆ. ಒಂದೇ ನಿಮಿಷಕ್ಕೆ ಸೈಟ್ ಪೂರ್ತಿ 403, ಅಂದರೆ ಪ್ರವೇಶ ಇಲ್ಲ ಅನ್ನೋ ಎರರ್. ಚಿತ್ರ ಇಲ್ಲ, ಪುಟ ಇಲ್ಲ, ಅಡ್ಮಿನ್ ಕೂಡ ಇಲ್ಲ. ಯಾಕೆ ಅಂದರೆ ಫೋಲ್ಡರಿಗೂ 644 ಬಿತ್ತು. ಒಳಗೆ ಕಾಲಿಡುವ ಆ 1 ಹೋಯಿತು. ಪಟ್ಟಿ ಓದಬಹುದು, ಒಳಗೆ ಹೋಗುವ ಹಾಗಿಲ್ಲ. ಫೈಲ್‌ಝಿಲ್ಲಾದಲ್ಲಿ ಪರ್ಮಿಷನ್ ಕಿಟಕಿಯ ಕೆಳಗೆ, ಒಳಗಿನ ಫೋಲ್ಡರ್‌ಗಳಿಗೂ ಅನ್ವಯಿಸು ಅನ್ನೋ ಟಿಕ್ ಇದೆ. ಅದನ್ನು ಒತ್ತಿದರೆ ಮೂರು ಆಯ್ಕೆ ತೆರೆದುಕೊಳ್ಳುತ್ತವೆ. ಫೋಲ್ಡರ್‌ಗಳಿಗೆ ಮಾತ್ರ ಅನ್ನೋದನ್ನು ಆರಿಸಿ 755 ಕೊಡಿ. ಅದು ಮುಗಿದ ಮೇಲೆ ಇನ್ನೊಂದು ಸಲ ಫೈಲ್‌ಗಳಿಗೆ ಮಾತ್ರ ಅನ್ನೋದನ್ನು ಆರಿಸಿ 644 ಕೊಡಿ. ಎರಡು ಸುತ್ತು ಬೇಕು, ಒಂದೇ ಸುತ್ತಿನಲ್ಲಿ ಮುಗಿಸಲು ಹೋಗಬಾರದು. ಡಬ್ಲ್ಯೂಪಿ-ಕಾನ್ಫಿಗ್‌ಗೆ ಮಾತ್ರ ಬೇರೆಯಾಗಿ 600. ನಿಮ್ಮಲ್ಲಿ ಪಿಎಚ್‌ಪಿ ನಿಮ್ಮ ಹೆಸರಿನಲ್ಲೇ ಓಡುವುದರಿಂದ 600 ಕೊಟ್ಟರೂ ಸೈಟ್ ನಿಲ್ಲುವುದಿಲ್ಲ, ಪಕ್ಕದ ಖಾತೆಯವರು ನೇರವಾಗಿ ಓದಲು ಬಂದರೆ ಆಗುವುದಿಲ್ಲ.

ಎರಡು, ಪರ್ಮಿಷನ್ ಎಷ್ಟೇ ಸರಿ ಮಾಡಿದರೂ ನಿಮ್ಮ ಅಪ್‌ಲೋಡ್ ಪುಟಕ್ಕೆ ಆ ಫೋಲ್ಡರಿನಲ್ಲಿ ಬರೆಯುವ ಹಕ್ಕು ಇರಲೇಬೇಕಲ್ಲ. ಹಾಗಾಗಿ ಆ ಪುಟವೇ ಇನ್ನೊಂದು ಬಾಗಿಲು. ಅದಕ್ಕೆ ಪಾಸ್‌ವರ್ಡ್ ಇದೆಯಾ? ಬಂದ ಫೈಲ್ ಚಿತ್ರವೇ ಹೌದಾ ಅಂತ ನೋಡುತ್ತೀರಾ? ಹೆಸರಿನ ಕೊನೆಯಲ್ಲಿ ಜೆಪಿಜಿ ಇದೆ ಅಂತ ನೋಡಿ ಬಿಟ್ಟರೆ ಸಾಲದು. ನಿಜವಾದ ಚಿತ್ರದ ಒಳಗೇ ಪಿಎಚ್‌ಪಿ ಸಾಲು ಬಚ್ಚಿಟ್ಟು ಕಳಿಸಬಹುದು. ನಾನು ಮಾಡಿಕೊಂಡಿರುವುದು ಹೀಗೆ: ಬಂದ ಚಿತ್ರವನ್ನು ಪಿಎಚ್‌ಪಿಯ ಜಿಡಿ ಅನ್ನೋ ಚಿತ್ರ ತಿದ್ದುವ ಸೌಲಭ್ಯದಿಂದ ತೆರೆಸಿ, ಅಗಲ ಕಡಿಮೆ ಮಾಡಿ, ಹೊಸದಾಗಿ ಜೆಪಿಜಿ ಆಗಿ ಸೇವ್ ಮಾಡಿಸುತ್ತೇನೆ. ಕಳಿಸಿದವರ ಫೈಲ್ ಹೆಸರು ಇಟ್ಟುಕೊಳ್ಳುವುದೇ ಇಲ್ಲ, ತಾರೀಖನ್ನೇ ಹೆಸರಾಗಿ ಕೊಡುತ್ತೇನೆ. ಚಿತ್ರ ಅಲ್ಲದ್ದು ಜಿಡಿಯಲ್ಲಿ ತೆರೆಯುವುದೇ ಇಲ್ಲ, ಅಲ್ಲೇ ನಿಂತುಹೋಗುತ್ತದೆ. ಇದರಿಂದ ಇನ್ನೊಂದು ಲಾಭ ಇದೆ, ಮೊಬೈಲ್ ಫೋಟೊ ನಾಲ್ಕೈದು ಎಂಬಿ ಇರುತ್ತದಲ್ಲ, ಅದು ಚಿಕ್ಕದಾಗುತ್ತದೆ. ಹಳ್ಳಿಯಲ್ಲಿ ಸಿಗ್ನಲ್ ಸರಿಯಿಲ್ಲದ ಕಡೆ ರೈತರಿಗೆ ಚೀಟಿ ಬೇಗ ತೆರೆಯುತ್ತದೆ.

ಇದರ ಮೇಲೆ ರೇಟು ಫೋಲ್ಡರಿನಲ್ಲಿ, ವೆಬ್ ಸರ್ವರಿಗೆ ಆ ಫೋಲ್ಡರಿನ ನಿಯಮ ಹೇಳುವ ಒಂದು ಡಾಟ್ ಎಚ್‌ಟಿಆಕ್ಸೆಸ್ ಫೈಲ್ ಇಟ್ಟು, ಪಿಎಚ್‌ಪಿ ಅಂತ ಕೊನೆಯಾಗುವ ಯಾವ ಫೈಲನ್ನೂ ಕೊಡಬೇಡ ಅಂತ ಬರೆಯಿರಿ. ಫೈಲ್ಸ್‌ಮ್ಯಾಚ್ ಅನ್ನೋ ಬ್ಲಾಕಿನ ಒಳಗೆ "ರಿಕ್ವೈರ್ ಆಲ್ ಡಿನೈಡ್" ಅಂತ ಒಂದು ಸಾಲು, ಅಷ್ಟೇ. ವರ್ಡ್‌ಪ್ರೆಸ್‌ನ ಅಪ್‌ಲೋಡ್ಸ್ ಫೋಲ್ಡರಿಗೂ ಇದನ್ನೇ ಇಡಿ. ಇಟ್ಟ ಮೇಲೆ ಪರೀಕ್ಷೆ ಮಾಡಲೇಬೇಕು. "ನಮಸ್ಕಾರ" ಅಂತ ಪ್ರಿಂಟ್ ಮಾಡುವ ಒಂದು ಪಿಎಚ್‌ಪಿ ಫೈಲನ್ನು ಅಲ್ಲಿ ಹಾಕಿ ಬ್ರೌಸರಿನಲ್ಲಿ ತೆರೆಯಿರಿ. 403 ಬಂದರೆ ಸರಿ. ನಮಸ್ಕಾರ ಬಂದರೆ ನಿಮ್ಮ ಸರ್ವರ್ ಆ ಫೈಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿಲ್ಲ ಅಂತ ಅರ್ಥ. ವೆಬ್ ಸರ್ವರ್ ತಂತ್ರಾಂಶ ಅಪಾಚೆ, ಲೈಟ್‌ಸ್ಪೀಡ್ ಆದರೆ ಓದುತ್ತವೆ, ಬರೀ ಎನ್‌ಜಿನ್‌ಎಕ್ಸ್ ಇದ್ದರೆ ಅದು ಈ ಫೈಲನ್ನು ಓದುವುದೇ ಇಲ್ಲ, ಹೋಸ್ಟಿಂಗ್‌ನವರಿಗೇ ಹೇಳಿ ಹಾಕಿಸಬೇಕು.

ಆಮೇಲೆ ಆ ಒಂದು ಫೈಲ್ ಅಳಿಸಿ ಮುಗಿಯಿತು ಅಂದುಕೊಳ್ಳಬೇಡಿ. ಒಳಗೆ ಬಂದವರು ಇನ್ನೆರಡು ಕಡೆ ಬಚ್ಚಿಟ್ಟು ಹೋಗಿರುತ್ತಾರೆ. ಅಪ್‌ಲೋಡ್ಸ್ ಫೋಲ್ಡರಿನಲ್ಲಿ ವರ್ಷ, ತಿಂಗಳಿನ ಒಳಗೆಲ್ಲ ಹೋಗಿ ಪಿಎಚ್‌ಪಿ ಫೈಲ್ ಇದೆಯಾ ನೋಡಿ. ಅಲ್ಲಿ ಇರಬೇಕಾದ್ದು ಚಿತ್ರ, ಪಿಡಿಎಫ್ ಅಂಥವು. ಫೈಲಿನ ತಾರೀಖನ್ನು ಮಾತ್ರ ನಂಬಬೇಡಿ, ಅದನ್ನು ಹಳೇ ತಾರೀಖಿಗೆ ತಿರುಗಿಸಿ ಇಡಬಹುದು. ವರ್ಡ್‌ಪ್ರೆಸ್‌ನ ಯೂಸರ್ ಪಟ್ಟಿಯಲ್ಲಿ ನಿಮಗೆ ಗೊತ್ತಿಲ್ಲದ ಅಡ್ಮಿನ್ ಇದ್ದಾರಾ ನೋಡಿ. ಡಬ್ಲ್ಯೂಪಿ-ಅಡ್ಮಿನ್, ಡಬ್ಲ್ಯೂಪಿ-ಇನ್‌ಕ್ಲೂಡ್ಸ್ ಎರಡು ಫೋಲ್ಡರನ್ನು ಪೂರ್ತಿ ತೆಗೆದು, ಅದೇ ಆವೃತ್ತಿಯ ಹೊಸ ವರ್ಡ್‌ಪ್ರೆಸ್ ಇಳಿಸಿಕೊಂಡು ಹಾಕಿ. ನಿಮ್ಮ ಬರಹ, ಚಿತ್ರ ಯಾವುದೂ ಅವುಗಳಲ್ಲಿ ಇರುವುದಿಲ್ಲ. ಆದರೂ ಮೊದಲು ಬ್ಯಾಕಪ್ ತೆಗೆದುಕೊಂಡೇ ಕೈ ಹಾಕಿ.


ಕೊಬ್ಬರಿಗಿಟುಕು, ತಿಪಟೂರು

ಇದನ್ನೇ ಓದುತ್ತಾ ನನ್ನ ಸರ್ವರ್ ನೋಡಿಕೊಂಡೆ. ನನ್ನದು ಶೇರ್ಡ್ ಅಲ್ಲ, ಸ್ವಂತ ವಿಪಿಎಸ್ (ನನಗೊಬ್ಬನಿಗೇ ಇರುವ ವರ್ಚುವಲ್ ಸರ್ವರ್), ಉಬುಂಟು ಲಿನಕ್ಸ್. ಫೈಲ್‌ಗಳೆಲ್ಲ ನನ್ನ ಹೆಸರಿನಲ್ಲಿವೆ, ಪಿಎಚ್‌ಪಿ ಮಾತ್ರ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಅನ್ನೋ ಹೆಸರಿನಲ್ಲಿ ಓಡುತ್ತಿದೆ. ಪ್ಲಗಿನ್ ಅಪ್‌ಡೇಟ್ ಒತ್ತಿದರೆ ಎಫ್‌ಟಿಪಿ ಪಾಸ್‌ವರ್ಡ್ ಕೇಳುತ್ತದೆ. ಇಡೀ ಸೈಟನ್ನು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಹೆಸರಿಗೆ ಬರೆದುಬಿಡು, ಎಲ್ಲಾ ಸರಿಹೋಗುತ್ತದೆ ಅಂತ ಒಬ್ಬರು ಹೇಳಿದರು. ಮಾಡಲಾ?


ರೇಷ್ಮೆಗೂಡು, ಶಿಡ್ಲಘಟ್ಟ

ಮಾಡಿದರೆ ಅಪ್‌ಡೇಟ್ ಏನೋ ಆಗುತ್ತದೆ. ಆದರೆ ಯಾವುದಾದರೂ ಒಂದು ಪ್ಲಗಿನ್‌ನಲ್ಲಿ ತೂತು ಇದ್ದರೆ ಅಲ್ಲಿಂದ ಬಂದವರು ಇಡೀ ಸೈಟಿನ ಯಾವ ಫೈಲನ್ನಾದರೂ ತಿದ್ದಬಹುದು. ಬರೆಯಬೇಕಾದ್ದು ಅಪ್‌ಲೋಡ್ಸ್ ಫೋಲ್ಡರ್ ಒಂದಕ್ಕೆ ತಾನೇ, ಅದಕ್ಕೆ ಮಾತ್ರ ಸೆಟ್‌ಎಫ್‌ಎಸಿಎಲ್ ಕಮಾಂಡ್ (ಓನರ್, ಗುಂಪು ಬಿಟ್ಟು ಬೇರೆ ಹೆಸರಿಗೂ ಹಕ್ಕು ಕೊಡುವ ಎಸಿಎಲ್ ಪಟ್ಟಿ ಹಾಕುವಂಥದ್ದು) ಬಳಸಿ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾಗೆ ಬರೆಯುವ ಹಕ್ಕು ಕೊಡಿ. ಓನರ್ ನೀವೇ ಇರುತ್ತೀರಿ. ನನಗೆ ಅದು ಅಚ್ಚುಕಟ್ಟು ಅನಿಸುತ್ತದೆ.


ಕಲ್ಪತರುನಾಡು, ತುಮಕೂರು

ಇಡೀ ಸೈಟ್ ಬರೆದುಕೊಡಬಾರದು ಅನ್ನೋದಕ್ಕೆ ನನ್ನದೂ ಪೂರ್ತಿ ಒಪ್ಪಿಗೆ. ಎಸಿಎಲ್ ವಿಷಯದಲ್ಲಿ ಮಾತ್ರ ನನ್ನ ಅನುಭವ ಬೇರೆ. ಅದು ಕೆಲಸ ಮಾಡುತ್ತದೆ, ಆದರೆ ಕಣ್ಣಿಗೆ ಬೀಳುವುದಿಲ್ಲ. ಪಟ್ಟಿಯಲ್ಲಿ ಕೊನೆಗೊಂದು ಪ್ಲಸ್ ಗುರುತು ಬಿಟ್ಟರೆ ಏನೂ ಕಾಣುವುದಿಲ್ಲ. ಆರು ತಿಂಗಳ ಮೇಲೆ ಬೇರೆ ಯಾರೋ ಬಂದು ಆ ಫೋಲ್ಡರಿಗೆ 755 ಅಂತ ಕೊಟ್ಟರೆ ಎಸಿಎಲ್‌ನ ಮಾಸ್ಕ್, ಅಂದರೆ ಹಕ್ಕಿನ ಮೇಲ್ಮಿತಿ, ಕಡಿಮೆಯಾಗಿ, ಹಕ್ಕು ಇದ್ದ ಹಾಗೇ ಕಾಣುತ್ತದೆ, ಬರೆಯಲು ಮಾತ್ರ ಆಗುವುದಿಲ್ಲ. ಫೈಲ್ ಕಾಪಿ ಮಾಡುವ ಆರ್‌ಸಿಂಕ್ ಕಮಾಂಡಿನಲ್ಲಿ ದೊಡ್ಡ ಎ ಅಕ್ಷರದ ಆಯ್ಕೆ ಕೊಡದೆ ಬೇರೆ ಸರ್ವರಿಗೆ ಕಾಪಿ ಮಾಡಿದರೆ ಎಸಿಎಲ್ ಜೊತೆಗೆ ಬರುವುದೂ ಇಲ್ಲ. ಮಂಡಿಹುಡುಗನ ಸೈಟಿಗೆ ಆದದ್ದೂ ಕಾಪಿ ಮಾಡುವಾಗಲೇ.

ತಿಪಟೂರಿನವರಿಗೆ ನಾನು ಹೇಳುವುದು ಗುಂಪಿನ ದಾರಿ. ಅಪ್‌ಲೋಡ್ಸ್ ಫೋಲ್ಡರಿನ ಓನರ್ ನೀವು, ಗುಂಪು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ, ಪರ್ಮಿಷನ್ 2775. ಮುಂದೆ ಇರುವ ಆ 2ರಿಂದ, ಒಳಗೆ ಹುಟ್ಟುವ ಹೊಸ ಫೈಲ್, ಫೋಲ್ಡರ್ ಎಲ್ಲಾ ಅದೇ ಗುಂಪಿಗೆ ಸೇರುತ್ತವೆ. ಮೂರನೇ ಅಂಕಿ 5 ಇರುವುದರಿಂದ ಉಳಿದವರಿಗೆ ಬರೆಯಲು ಆಗುವುದಿಲ್ಲ. ಉಳಿದ ಸೈಟ್ ಪೂರ್ತಿ ನಿಮ್ಮ ಹೆಸರಿನಲ್ಲಿ, ಫೋಲ್ಡರ್ 755, ಫೈಲ್ 644. ಡಬ್ಲ್ಯೂಪಿ-ಕಾನ್ಫಿಗ್‌ಗೆ ಮಾತ್ರ 600 ಕೊಟ್ಟರೆ ನಿಮ್ಮಲ್ಲಿ ಸೈಟ್ ನಿಂತುಹೋಗುತ್ತದೆ, ಓದುವವನು ಬೇರೆ ಹೆಸರಿನವನು. ಅದರ ಗುಂಪನ್ನೂ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಮಾಡಿ 640 ಕೊಡಿ. ಶಿಡ್ಲಘಟ್ಟದವರು ಮಂಡಿಹುಡುಗನಿಗೆ 600 ಹೇಳಿದ್ದು ಸರಿ, ನಿಮಗೆ 640. ಫೈಲ್ ಅದೇ, ಹೆಸರು ಬೇರೆ.

ಅಪ್‌ಡೇಟಿಗೆ ಎಫ್‌ಟಿಪಿ ಕೇಳುವುದೂ ಇದೇ ಕಾರಣಕ್ಕೆ. ವರ್ಡ್‌ಪ್ರೆಸ್ ತಾನು ಒಂದು ಫೈಲ್ ಮಾಡಿ ನೋಡುತ್ತದೆ, ಅದರ ಓನರ್ ಮತ್ತು ತನ್ನ ಫೈಲ್‌ಗಳ ಓನರ್ ಒಂದೇ ಅಲ್ಲ ಅಂತ ಕಂಡರೆ ಎಫ್‌ಟಿಪಿ ಕೇಳುತ್ತದೆ. ಸ್ವಂತ ಸರ್ವರ್ ಆದ್ದರಿಂದ ಎಲ್ಲಕ್ಕಿಂತ ಒಳ್ಳೆಯ ಪರಿಹಾರ ಪಿಎಚ್‌ಪಿ ಓಡಿಸುವ ಪಿಎಚ್‌ಪಿ-ಎಫ್‌ಪಿಎಂನಲ್ಲಿ ಈ ಸೈಟಿಗೆ ಅಂತಲೇ ಒಂದು ಪೂಲ್ (ಪ್ರತ್ಯೇಕ ಗುಂಪು) ಮಾಡಿ, ಅದನ್ನು ಈ ಸೈಟಿನ ಫೈಲ್‌ಗಳ ಓನರ್ ಹೆಸರಿನಲ್ಲೇ ಓಡಿಸುವುದು. ಒಂದೇ ಸರ್ವರಿನಲ್ಲಿ ನಾಲ್ಕು ಸೈಟ್ ಇಟ್ಟುಕೊಂಡಿದ್ದರೆ ನಾಲ್ಕಕ್ಕೂ ನಾಲ್ಕು ಯೂಸರ್. ಒಂದು ಸೈಟ್ ಕೆಟ್ಟರೆ ಇನ್ನೊಂದಕ್ಕೆ ಹರಡುವುದಿಲ್ಲ. ಅರ್ಧ ಗಂಟೆ ಕೆಲಸ, ಮಾಡಿಬಿಡಿ.


ಮಂಡಿಹುಡುಗ, ಕೋಲಾರ

ಎರಡು ದಿನ ಆಯಿತು, ಏನೇನಾಯಿತು ಅಂತ ಬರೆಯುತ್ತೇನೆ.

ಆ ರಾತ್ರಿಯೇ ಪಾಸ್‌ವರ್ಡ್ ಎಲ್ಲಾ ಬದಲಾಯಿಸಿದೆ. ರೇಟು ಫೋಲ್ಡರಿನ ಹೆಸರು ಬದಲಾಯಿಸಿ ಹೊಸದು ಮಾಡಿದೆ. ಓನರ್ ಕಾಲಂ ನೋಡಿದರೆ 1017 1017, ಪರ್ಮಿಷನ್ 755. ಫೋಟೊ ಹಾಕುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ಹೋಯಿತು. ಬೆಳಗ್ಗೆ ಹರಾಜು ಮುಗಿದ ಮೇಲೆ ಮಾವ ತಮ್ಮ ಮೊಬೈಲಿನಿಂದಲೇ ಚೀಟಿ ಹಾಕಿದರು, ಅದೂ ಹೋಯಿತು. ಅವರಿಗೆ ಏನು ಬದಲಾಗಿದೆ ಅಂತಲೂ ಗೊತ್ತಾಗಲಿಲ್ಲ.

ಟಿಕೆಟನ್ನು ಅಣ್ಣ ಹೇಳಿದ ಮಾತಿನಲ್ಲೇ ಬರೆದೆ. ಈ ಸಲ ಬೇರೆ ಎಂಜಿನಿಯರ್ ಉತ್ತರ ಕೊಟ್ಟರು. ಸೈಟ್ ತಂದು ಹಾಕುವಾಗ ಆ ಒಂದು ಫೋಲ್ಡರನ್ನು ಮಾತ್ರ ಆಮೇಲೆ ಬೇರೆಯಾಗಿ ಕಾಪಿ ಮಾಡಿದ್ದರಂತೆ, ಓನರ್ ಬದಲಾಯಿಸುವುದು ಬಿಟ್ಟುಹೋಗಿತ್ತಂತೆ. ಹಳೆಯ ಫೋಲ್ಡರಿನ ಓನರ್ ಸರಿ ಮಾಡಿಕೊಟ್ಟರು, ನಾನು ಅದನ್ನು ಖಾಲಿ ಮಾಡಿ ತೆಗೆದೆ. 1043 ಖಾತೆಯನ್ನು ಸದ್ಯಕ್ಕೆ ನಿಲ್ಲಿಸಿದ್ದಾರೆ, ಅವರ ಸೈಟ್ ಹ್ಯಾಕ್ ಆಗಿತ್ತು ಅಂದರು. ಪಾಪ, ಅವರಿಗೂ ಗೊತ್ತಿರಲಿಲ್ಲ.

ಅಕ್ಕ ಹೇಳಿದ ಹಾಗೆ ಅಪ್‌ಲೋಡ್ಸ್ ಒಳಗೆ ಹುಡುಕಿದೆ. 2024ರ ಫೋಲ್ಡರಿನಲ್ಲಿ, ಮೂರನೇ ತಿಂಗಳ ಒಳಗೆ, ಇನ್ನೊಂದು ಪಿಎಚ್‌ಪಿ ಸಿಕ್ಕಿತು. ಅದರ ತಾರೀಖು ಹೋದ ವರ್ಷದ್ದು ಅಂತ ತೋರಿಸುತ್ತಿತ್ತು, ತಾರೀಖು ನಂಬಿದ್ದರೆ ಬಿಟ್ಟುಬಿಡುತ್ತಿದ್ದೆ. ಅದರ ಓನರ್ 1017, ಅಂದರೆ ಮೊದಲನೇ ಫೈಲ್ ನನ್ನ ಹೆಸರಿನಲ್ಲಿ ಓಡಿ ಇದನ್ನು ಇಟ್ಟಿದೆ, ಸರಿ ತಾನೇ? ಎರಡನ್ನೂ ತೆಗೆದೆ. ಡಬ್ಲ್ಯೂಪಿ-ಅಡ್ಮಿನ್, ಡಬ್ಲ್ಯೂಪಿ-ಇನ್‌ಕ್ಲೂಡ್ಸ್ ಹೊಸದು ಹಾಕಿದೆ. ನಮಸ್ಕಾರ ಪರೀಕ್ಷೆಯೂ ಮಾಡಿದೆ, 403 ಬಂತು. ಜಿಡಿಯಿಂದ ಚಿತ್ರ ಚಿಕ್ಕದು ಮಾಡುವುದು ಇನ್ನೂ ಬಾಕಿ ಇದೆ, ಭಾನುವಾರ ಕೂರುತ್ತೇನೆ.

ಇನ್ನೊಂದು ವಿಷಯ. ನನ್ನ ಸೈಟ್ ನೋಡಿ ಪಕ್ಕದ ಮೂರು ಮಂಡಿಯವರೂ ಕೇಳಿದ್ದರು, ಅವರಿಗೂ ನಾನೇ ಇದೇ ಪುಟ ಹಾಕಿಕೊಟ್ಟಿದ್ದೆ, ಮೂರೂ ಇದೇ ಹೋಸ್ಟಿಂಗ್. ಈಗ ತೆಗೆದು ನೋಡಿದೆ, ಒಂದರಲ್ಲಿ ಸರಿಯಾಗಿದೆ, ಎರಡರಲ್ಲಿ 777. ಆ ಎರಡರಲ್ಲೂ ಫೋಲ್ಡರಿನ ಓನರ್ ಸರಿಯಾಗೇ ಇದೆ, ಅವರದೇ ನಂಬರ್. ಯಾರೋ ಸುಮ್ನೆ 777 ಕೊಟ್ಟಿದ್ದಾರೆ. ಇವಕ್ಕೆ ನೇರವಾಗಿ 755 ಕೊಟ್ಟರೆ ಸಾಕಲ್ವಾ ಅಣ್ಣ?


ಕಲ್ಪತರುನಾಡು, ತುಮಕೂರು

ಸಾಕು. ಆ ಎರಡನೇ ಫೈಲಿನ ಬಗ್ಗೆ ನೀವು ಊಹಿಸಿದ್ದೂ ಸರಿ. ಅವೆರಡು ಸೈಟಿನಲ್ಲೂ 755 ಕೊಡುವ ಮೊದಲು ಒಳಗೆ ಹೋಗಿ ಬೇರೆ ನಂಬರಿನ ಫೈಲ್ ಏನಾದರೂ ಕೂತಿದೆಯಾ ನೋಡಿ. ಇದ್ದರೆ ಆಗಲೇ ತೆಗೆಯಿರಿ, ಅಲ್ಲೂ ಪಾಸ್‌ವರ್ಡ್ ಬದಲಾಯಿಸಿಸಿ. ನೋಡಿ ಹೇಳಿ, ರಾತ್ರಿ ಹತ್ತರವರೆಗೂ ನಾನು ಇಲ್ಲೇ ಇರುತ್ತೇನೆ.